ಪೀಣ್ಯದಿಂದ ರೈಸಿನಾ ಹಿಲ್‌ಗೆ ಎಷ್ಟು ದೂರ?

ಬೆಂಗಳೂರಿನ ಮೂರು ಅಂಚುಗಳಿಗೆ ಈಗ ಮೂರು ಬಣ್ಣದ ದಾರಿ. ಪೀಣ್ಯಕ್ಕೆ ಹಸಿರು, ವೈಟ್‌ಫೀಲ್ಡ್‌ಗೆ ನೇರಳೆ, ಎಲೆಕ್ಟ್ರಾನಿಕ್ ಸಿಟಿಗೆ ಹಳದಿ. 2025ರ ಆಗಸ್ಟ್‌ನಲ್ಲಿ ಹಳದಿ ಮಾರ್ಗವೂ ಶುರುವಾದ ಮೇಲೆ ಈ ಮೂರನ್ನೂ ಒಂದೇ ದಿನದಲ್ಲಿ, ಟ್ರಾಫಿಕ್ಕಿಗೆ ಶಾಪ ಹಾಕದೆ, ಸುತ್ತಿ ಬರಬಹುದು. ಸುತ್ತೋಕೆ ಅಲ್ಲೇನಿದೆ ಅಂತೀರಾ? ಕೋಟೆ ಇಲ್ಲ, ಜಲಪಾತ ಇಲ್ಲ. ಶೆಡ್ಡು, ಗಾಜಿನ ಕಟ್ಟಡ, ಪಿಜಿ, ಬಿರಿಯಾನಿ ಅಂಗಡಿ. ದಿನಾ ನೋಡೋದೇ.

ಆದ್ರೂ ಒಂದು ಶನಿವಾರ ನಾನು ಹೊರಟಿದ್ದು ಒಂದು ಪ್ರಶ್ನೆ ಇಟ್ಟುಕೊಂಡು. ದ್ರೌಪದಿ ಮುರ್ಮು ಅವರ ಅವಧಿ 2027ರ ಜುಲೈನಲ್ಲಿ ಮುಗಿಯುತ್ತೆ. ಮುಂದಿನ ರಾಷ್ಟ್ರಪತಿ ಯಾರು ಅಂತ ಟಿವಿಯಲ್ಲಿ, ವಾಟ್ಸ್ಆ್ಯಪ್‌ನಲ್ಲಿ ಹೆಸರುಗಳು ತೇಲಿ ಬರ್ತಾವೆ. ನಮಗೂ ಒಬ್ಬರು ಇಷ್ಟ ಆಗ್ತಾರೆ. ಆದ್ರೆ ನಮಗೆ ವೋಟಿಲ್ಲ. ಹಾಗಿದ್ರೆ ನಮ್ಮಂಥ ಸಾಮಾನ್ಯರ ಆ ಇಷ್ಟ ಎಲ್ಲಿವರೆಗೆ ಹೋಗುತ್ತೆ? ನಮ್ಮ ಮನೆಯಲ್ಲೇ ಒಬ್ಬರು ಇದನ್ನು ಪರೀಕ್ಷೆ ಮಾಡಿ ನೋಡಿದ್ದಾರೆ. ನಮ್ಮ ಭಾವ.

ಹಸಿರು ಮಾರ್ಗ: ಭಾವನ ಲೆಕ್ಕದ ಪುಸ್ತಕ

ಪೀಣ್ಯ ಇಂಡಸ್ಟ್ರಿ ನಿಲ್ದಾಣದಲ್ಲಿ ಇಳಿದು, ತುಮಕೂರು ರಸ್ತೆಯ ಫ್ಲೈಓವರ್ ಬೆನ್ನಿಗೆ ಬಿಟ್ಟು ಒಳಗೆ ನಡೆದರೆ ಮೊದಲು ಮೂಗಿಗೆ ಬಡಿಯೋದು ಕೂಲೆಂಟ್ ಎಣ್ಣೆಯ ವಾಸನೆ. ಏಷ್ಯಾದ ದೊಡ್ಡ ಕೈಗಾರಿಕಾ ಪ್ರದೇಶಗಳಲ್ಲಿ ಇದೂ ಒಂದು ಅಂತ ಹೆಮ್ಮೆಯಿಂದ ಹೇಳ್ಕೋತಾರೆ. ನೋಡೋಕೆ ಮಾತ್ರ ಸಣ್ಣ ಸಣ್ಣ ಶೆಡ್ಡುಗಳ ಸಂತೆ. ಒಂದು ಬಾಗಿಲಲ್ಲಿ ಲೇತ್, ಮುಂದಿನದರಲ್ಲಿ ಪೌಡರ್ ಕೋಟಿಂಗ್, ಎದುರಿಗೆ ಗಾರ್ಮೆಂಟ್ಸ್. ಸಂಜೆ ಗೇಟು ತೆಗೆದರೆ ಸಾವಿರಾರು ಹೆಣ್ಣುಮಕ್ಕಳು ಟಿಫನ್ ಬ್ಯಾಗ್ ಹಿಡಿದು ಹೊರಗೆ ಬರ್ತಾರೆ.

ಭಾವ ಅರಸೀಕೆರೆ ಕಡೆಯವರು. ಐಟಿಐ ಮುಗಿಸಿ ಟರ್ನರ್ ಆಗಿ ಬಂದವರು, ಈಗ ಎರಡು ಲೇತ್, ಒಂದು ಸಿಎನ್‌ಸಿ ಇಟ್ಟುಕೊಂಡು ಜಾಬ್‌ವರ್ಕ್ ಮಾಡಿಸ್ತಾರೆ. ಶೆಡ್ಡಿನ ಗೋಡೆ ಮೇಲೆ ಗಣಪತಿ, ಪಕ್ಕದಲ್ಲಿ ಅಬ್ದುಲ್ ಕಲಾಂ. ಆಯುಧಪೂಜೆ ದಿನ ಇಬ್ಬರಿಗೂ ಹೂವು.

"ಅವರು ಮಿಷನ್ ಮುಟ್ಟಿ ಕೆಲಸ ಮಾಡಿದ ಮನುಷ್ಯ ಕಣಮ್ಮ. ಅಂಥೋರು ಅಲ್ಲಿ ಕೂತಿದ್ರೆ ನಮಗೂ ಒಂದು ಮರ್ಯಾದೆ" ಅನ್ನೋದು ಅವರ ರಾಜಕೀಯ. ಅದಕ್ಕಿಂತ ದೊಡ್ಡ ರಾಜಕೀಯ ಅವರಿಗೆ ಗೊತ್ತಿಲ್ಲ.

2002ರಲ್ಲಿ ಕಲಾಂ ರಾಷ್ಟ್ರಪತಿ ಆದಾಗ ಅವರು ಏನೂ ಮಾಡಬೇಕಾಗಿ ಬಂದಿರಲಿಲ್ಲ. ಆಳುವ ಕೂಟ, ಕಾಂಗ್ರೆಸ್ ಎರಡೂ ಒಪ್ಪಿದ್ದರಿಂದ ಎಡಪಕ್ಷಗಳ ಅಭ್ಯರ್ಥಿ ಕ್ಯಾಪ್ಟನ್ ಲಕ್ಷ್ಮೀ ಸೆಹಗಲ್ ಎದುರು ಸಲೀಸಾಗಿ ಗೆದ್ದರು. ಕತೆ ಶುರುವಾಗಿದ್ದು 2012ರಲ್ಲಿ. ಜೂನ್ 13ರಂದು ಮಮತಾ ಬ್ಯಾನರ್ಜಿ, ಮುಲಾಯಂ ಸಿಂಗ್ ಯಾದವ್ ಒಟ್ಟಿಗೆ ನಿಂತು ಕಲಾಂ ಹೆಸರು ತೇಲಿಬಿಟ್ಟರು. ಫೇಸ್‌ಬುಕ್‌ನಲ್ಲಿ ಜನ 'ಕಲಾಂ ಮತ್ತೆ ಬರಲಿ' ಅಂತ ಬರೆಯೋಕೆ ಶುರು ಮಾಡಿದರು. ಭಾವನ ಹತ್ತಿರ ಫೇಸ್‌ಬುಕ್ ಇರಲಿಲ್ಲ. ಅಂಗಡಿಗೆ ಹೋಗಿ ಒಂದು ಉದ್ದನೆಯ ಲೆಕ್ಕದ ಪುಸ್ತಕ ತಂದರು. ಸ್ಕೇಲ್ ಇಟ್ಟು ನಾಲ್ಕು ಕಾಲಂ ಎಳೆದರು: ಹೆಸರು, ಊರು, ಕೆಲಸ, ಸಹಿ.

ಬೆಳಗ್ಗೆ ಟೀ ಅಂಗಡಿ, ಮಧ್ಯಾಹ್ನ ಮುದ್ದೆ ಹೋಟ್ಲು, ಸಂಜೆ ಗಾರ್ಮೆಂಟ್ಸ್ ಗೇಟು. ಮೂರು ದಿನ ಕೆಲಸದ ಮಧ್ಯೆ ಮಧ್ಯೆ ಓಡಾಡಿದರು. ನಾನೂರರ ಮೇಲೆ ಹೆಸರಾಯ್ತು. ಸಹಿ ಬಾರದ ಕೆಲವರು ಹೆಬ್ಬೆಟ್ಟು ಒತ್ತಿದ್ದಾರೆ, ಎಣ್ಣೆ ಕೈಯ ಗುರುತು ಈಗಲೂ ಹಾಗೇ ಇದೆ. ಶನಿವಾರ ಪುಸ್ತಕ ಎತ್ತಿಕೊಂಡು ಒಬ್ಬ ಶಾಸಕರ ಕಚೇರಿಗೆ ಹೋದರು. ಪೀಣ್ಯದ ಸುತ್ತ ಮೂರ್ನಾಲ್ಕು ವಿಧಾನಸಭಾ ಕ್ಷೇತ್ರಗಳು ಒಂದಕ್ಕೊಂದು ತಾಗಿಕೊಂಡಿವೆ. ಯಾವ ಕಚೇರಿ ಅಂತ ಬೇಡ ಬಿಡಿ.

ಅಲ್ಲಿದ್ದವರು ಬೈಯಲಿಲ್ಲ, ಓಡಿಸಲಿಲ್ಲ. ಕಾಫಿ ಕೊಟ್ಟು, ಹಾಳೆ ತಿರುಗಿಸಿ, ಒಂದೇ ಮಾತು ಕೇಳಿದರಂತೆ: "ಇದರಲ್ಲಿ ನಮ್ಮ ಕ್ಷೇತ್ರದ ವೋಟರ್ಸ್ ಎಷ್ಟು ಜನ ಇದ್ದಾರೆ ಸಾರ್?"

ಭಾವ ಅಲ್ಲೇ ಬೆಂಚಿನ ಮೇಲೆ ಕೂತು ಎಣಿಸಿದರು. ಮೂವತ್ತೊಂದು.

ಈ ಸಲ ಆ ಪುಸ್ತಕವನ್ನು ನಾನು ಮೊದಲ ಬಾರಿ ನಿಧಾನವಾಗಿ ಓದಿದೆ. 'ಊರು' ಅನ್ನೋ ಕಾಲಂ ಒಂದು ಭೂಪಟ. ಸಿಂಧನೂರು, ಮಧುಗಿರಿ, ಬಾಗೇಪಲ್ಲಿ, ಚನ್ನರಾಯಪಟ್ಟಣ, ಹಡಗಲಿ, ಧರ್ಮಪುರಿ, ಬಾಲಸೋರ್, ಗಯಾ. ಸಹಿ ಹಾಕಿದ್ದು ಪೀಣ್ಯದಲ್ಲಿ, ವೋಟು ಇರೋದು ಊರಲ್ಲಿ. ಹೀಗಾಗಿ ನಾನೂರು ಜನರ ಒಂದು ದನಿ ಹತ್ತಾರು ಕ್ಷೇತ್ರಗಳಲ್ಲಿ ಹಂಚಿ ಹೋಗಿ, ಎಲ್ಲೂ ಕೇಳಿಸದಷ್ಟು ಸಣ್ಣದಾಗಿತ್ತು.

ಸೋಮವಾರ, ಜೂನ್ 18ರಂದು, ತಾವು ಸ್ಪರ್ಧಿಸಲ್ಲ ಅಂತ ಕಲಾಂ ಅವರೇ ಹೇಳಿದರು. ಭಾವ ಪುಸ್ತಕ ಮುಚ್ಚಿ, ಡೆಲಿವರಿ ಚಲನ್‌ಗಳ ಜೊತೆ ಬೀರುವಲ್ಲಿಟ್ಟರು.

"ಬೇಜಾರಾಯ್ತಾ ಭಾವ?" ಅಂದೆ.

"ಅವರು ನಿಲ್ಲಲಿಲ್ಲ, ಅದು ಅವರಿಷ್ಟ. ಬೇಜಾರಾಗಿದ್ದು ಮೂವತ್ತೊಂದು ಅಂತ ಎಣಿಸ್ಬೇಕಾದಾಗ. ಹದಿನೈದು ವರ್ಷ ಇಲ್ಲೇ ದುಡಿದಿದ್ದೀವಲ್ಲ, ನಾವು ಯಾರ ಜನ ಅಂತ ಅವತ್ತು ಗೊತ್ತಾಗಲಿಲ್ಲ."

ನೇರಳೆ ಮಾರ್ಗ: 1971ರಲ್ಲೇ ನಿಂತ ಲೆಕ್ಕ

ಮೆಜೆಸ್ಟಿಕ್‌ನಲ್ಲಿ ರೈಲು ಬದಲಿಸಿ ನೇರಳೆ ಹತ್ತಿದೆ. ಎರಡೇ ನಿಲ್ದಾಣ ದಾಟಿದರೆ ವಿಧಾನಸೌಧ. ರಾಷ್ಟ್ರಪತಿ ಚುನಾವಣೆಯ ನಮ್ಮ ರಾಜ್ಯದ ಮತಗಟ್ಟೆ ಇರೋದು ಇಲ್ಲೇ, ಈ ಸುರಂಗದ ಮೇಲೆ.

ಇದರ ವಿಧಾನ ಒಂಥರಾ ಮಜವಾಗಿದೆ. ಮತಪೆಟ್ಟಿಗೆ ದೆಹಲಿಯಿಂದ ವಿಮಾನದಲ್ಲಿ ಬರುತ್ತೆ. 2022ರಲ್ಲಿ ಅದಕ್ಕೆ 'ಮಿಸ್ಟರ್ ಬ್ಯಾಲೆಟ್ ಬಾಕ್ಸ್' ಹೆಸರಲ್ಲಿ ಪ್ರತ್ಯೇಕ ಟಿಕೆಟ್, ಅಧಿಕಾರಿಯ ಪಕ್ಕದಲ್ಲೇ ಸೀಟು! ಸಂಸದರಿಗೆ ಹಸಿರು ಮತಪತ್ರ, ಶಾಸಕರಿಗೆ ಗುಲಾಬಿ. ಬರೆಯೋಕೆ ನೇರಳೆ ಶಾಯಿಯ ವಿಶೇಷ ಪೆನ್ನು. ಮತ ಗುಪ್ತ, ಮತ್ತು ಮುಖ್ಯವಾಗಿ, ಇಂಥವರಿಗೇ ಹಾಕಿ ಅಂತ ಪಕ್ಷ ವಿಪ್ ಕೊಡೋ ಹಾಗಿಲ್ಲ.

ಅಂದ್ರೆ ಶಾಸಕರು ಆ ಒಂದು ದಿನ ಸ್ವತಂತ್ರರು. ಸುಮ್ಮನೆ ಪುಸ್ತಕದ ಮಾತಲ್ಲ ಇದು. ಅದೇ 2012ರಲ್ಲಿ ಇಲ್ಲಿ ಬಿಜೆಪಿ ಸರ್ಕಾರ ಇತ್ತು, ಆ ಪಕ್ಷ ಪಿ.ಎ. ಸಂಗ್ಮಾ ಅವರ ಪರ ಇತ್ತು. ಎಣಿಸಿ ನೋಡಿದರೆ ಕರ್ನಾಟಕದಲ್ಲಿ ಪ್ರಣಬ್ ಮುಖರ್ಜಿಗೇ ಹೆಚ್ಚು ಮತ. ಶಾಸಕರ ಮನಸ್ಸನ್ನು ಯಾರೋ ಒಲಿಸಿದ್ದರು. ಭಾವನ ಪುಸ್ತಕವಂತೂ ಅಲ್ಲ.

ಬೈಯಪ್ಪನಹಳ್ಳಿ ದಾಟುವಾಗ ಬಲಗಡೆ ಸಿ.ವಿ. ರಾಮನ್ ನಗರದ ಕಡೆ ಕಣ್ಣು ಹೋಯ್ತು. ಕಲಾಂ ತಾರುಣ್ಯದಲ್ಲಿ ಕೆಲಸ ಮಾಡಿದ ಎಡಿಇ ಸಂಸ್ಥೆ ಈಗ ಇರೋದು ಅಲ್ಲೇ. ಬೆಂಗಳೂರಿನಲ್ಲಿದ್ದಾಗ ಅವರ ತಂಡ 'ನಂದಿ' ಅನ್ನೋ ಹೋವರ್‌ಕ್ರಾಫ್ಟ್ ಕಟ್ಟಿತ್ತು. ರಕ್ಷಣಾ ಸಚಿವ ಕೃಷ್ಣ ಮೆನನ್ ಬಂದು ಅದರಲ್ಲಿ ಕೂತು ಸವಾರಿ ಮಾಡಿದ್ದರು, ಓಡಿಸಿದ್ದು ಸ್ವತಃ ಕಲಾಂ. 'ಮಿಷನ್ ಮುಟ್ಟಿದ ಮನುಷ್ಯ' ಅನ್ನೋ ಭಾವನ ಮಾತು ಸುಳ್ಳಲ್ಲ.

ಕಾಡುಗೋಡಿಯಲ್ಲಿ ಇಳಿದು ವೈಟ್‌ಫೀಲ್ಡ್ ಇನ್ನರ್ ಸರ್ಕಲ್‌ಗೆ ಆಟೋ ಹಿಡಿದೆ. ಐಟಿ ಪಾರ್ಕಿನಿಂದ ಇಷ್ಟೇ ದೂರದಲ್ಲಿ ಇನ್ನೂ ಒಂದಷ್ಟು ಹಳೇ ಹೆಂಚಿನ ಮನೆ, ದೊಡ್ಡ ಮರ ಉಳಿದಿವೆ. 1882ರಲ್ಲಿ ಡಿ.ಎಸ್. ವೈಟ್ ಅವರ ಮುಂದಾಳ್ತನದಲ್ಲಿ, ಮೈಸೂರು ಮಹಾರಾಜರು ಕೊಟ್ಟ ಜಾಗದಲ್ಲಿ, ಆಂಗ್ಲೋ ಇಂಡಿಯನ್ನರಿಗಾಗಿ ಹುಟ್ಟಿದ ಊರು ಇದು. ಆ ಸಮುದಾಯದಿಂದ ಒಬ್ಬರನ್ನು ನಮ್ಮ ವಿಧಾನಸಭೆಗೆ ನಾಮಕರಣ ಮಾಡ್ತಾ ಇದ್ದರು. 2020ರಲ್ಲಿ ಸಂವಿಧಾನದ 104ನೇ ತಿದ್ದುಪಡಿಯಿಂದ ಅದು ನಿಂತಿತು. ಇದ್ದಾಗಲೂ ಆ ಸದಸ್ಯರಿಗೆ ರಾಷ್ಟ್ರಪತಿ ಚುನಾವಣೆಯಲ್ಲಿ ಮತ ಇರಲಿಲ್ಲ. ಚುನಾಯಿತರಿಗೆ ಮಾತ್ರ ಆ ಹಕ್ಕು.

ಈಗ ಲೆಕ್ಕಕ್ಕೆ ಬರೋಣ. ಒಬ್ಬ ಶಾಸಕರ ಮತಕ್ಕೆ ಒಂದು 'ಮೌಲ್ಯ' ಇರುತ್ತೆ. ರಾಜ್ಯದ ಜನಸಂಖ್ಯೆಯನ್ನು ಶಾಸಕರ ಸಂಖ್ಯೆಯಿಂದ ಭಾಗಿಸಿ, ಮತ್ತೆ ಸಾವಿರದಿಂದ ಭಾಗಿಸ್ಬೇಕು. ಕರ್ನಾಟಕದ ಜನಸಂಖ್ಯೆ 2,92,99,014, ಶಾಸಕರು 224, ಉತ್ತರ 131. ತಾಳಿ, ಎರಡು ಕೋಟಿ ತೊಂಬತ್ಮೂರು ಲಕ್ಷನಾ? ಹೌದು, ಇದು 1971ರ ಜನಗಣತಿ. 2026ರ ನಂತರದ ಮೊದಲ ಜನಗಣತಿಯ ಅಂಕಿ ಪ್ರಕಟವಾಗೋವರೆಗೆ ಇದೇ ಅಂಕಿ ಬಳಸಬೇಕು ಅಂತ ಸಂವಿಧಾನದಲ್ಲೇ ಇದೆ.

1971ರಲ್ಲಿ ವೈಟ್‌ಫೀಲ್ಡ್ ಒಂದು ಹಳ್ಳಿ. ಎಲೆಕ್ಟ್ರಾನಿಕ್ ಸಿಟಿ ಹುಟ್ಟಿರಲೇ ಇಲ್ಲ. ರಾಷ್ಟ್ರಪತಿಯನ್ನು ಆರಿಸೋ ಲೆಕ್ಕದ ಪುಸ್ತಕದಲ್ಲಿ ನಾವು ಕೂತಿರೋ ಈ ಆಫೀಸುಗಳ ಜಾಗ ಇನ್ನೂ ರಾಗಿ ಹೊಲ.

ವೈಟ್‌ಫೀಲ್ಡ್ ಸೇರೋದು ಮಹದೇವಪುರ ಕ್ಷೇತ್ರಕ್ಕೆ. ಮತದಾರರು ಆರು ಲಕ್ಷಕ್ಕೂ ಹೆಚ್ಚು. ಶೃಂಗೇರಿ ಕ್ಷೇತ್ರದಲ್ಲಿ ಎರಡು ಲಕ್ಷವೂ ಇಲ್ಲ. ಇಬ್ಬರು ಶಾಸಕರ ಗುಲಾಬಿ ಚೀಟಿಗೂ ಬೆಲೆ ಒಂದೇ, 131. ಹಾಗಂತ ಈ ವ್ಯವಸ್ಥೆ ಬರೀ ಅನ್ಯಾಯ ಅನ್ನೋ ಹಾಗೂ ಇಲ್ಲ. 2011ರ ಜನಗಣತಿ ಹಿಡಿದರೆ ನಮ್ಮ 131 ಏರಿ 273 ಆಗುತ್ತೆ, ಆದರೆ ಉತ್ತರ ಪ್ರದೇಶದ 208 ಏರಿ 496 ಆಗುತ್ತೆ. ಜನಸಂಖ್ಯೆ ಹಿಡಿತದಲ್ಲಿಟ್ಟುಕೊಂಡ ರಾಜ್ಯಗಳಿಗೆ ನಷ್ಟ ಆಗಬಾರದು ಅಂತಲೇ 1976ರಲ್ಲಿ ಈ ಅಂಕಿಗೆ ಬೀಗ ಹಾಕಿದ್ದು. ಅದೇ ಬೀಗ ಕರ್ನಾಟಕವನ್ನು ಕಾಯುತ್ತೆ, ಮಹದೇವಪುರವನ್ನು ಕುಗ್ಗಿಸುತ್ತೆ.

ಒಂದು ಅಪಾರ್ಟ್‌ಮೆಂಟಿನ ಪಂಪ್ ರೂಮಿನಲ್ಲಿ ಭಾವನ ಹಳೇ ಹುಡುಗರೊಬ್ಬರು ಸಿಕ್ಕರು. ಬಾಗೇಪಲ್ಲಿಯವರು, ಪುಸ್ತಕದ ಮೂರನೇ ಹಾಳೆಯಲ್ಲಿ ಅವರ ಸಹಿ ಇದೆ. ಈಗ ಇಲ್ಲಿ ನೀರು, ಜನರೇಟರ್ ನೋಡ್ಕೋತಾರೆ.

"ಸೈನ್ ಹಾಕಿದ್ದು ಚೆನ್ನಾಗಿ ನೆನಪಿದೆ ಮೇಡಂ. ಅಣ್ಣ ಟೀ ಕೊಡ್ಸಿದ್ರು" ಅಂತ ನಕ್ಕರು. ಮಗಳು ಇಲ್ಲೇ ಶಾಲೆಗೆ ಹೋಗ್ತಾಳೆ, ಹಾಗಾಗಿ ವೋಟನ್ನೂ ಮಹದೇವಪುರಕ್ಕೆ ಹಾಕಿಸ್ಕೊಂಡಿದ್ದಾರೆ. "ಊರಲ್ಲಿದ್ದಿದ್ರೆ ಎಂಎಲ್ಎ ಮನೆ ಮದುವೆಗೆ ಬರೋರು. ಇಲ್ಲಿ ನಾನ್ಯಾರು ಅಂತ ಅವರಿಗೆ ಗೊತ್ತಿಲ್ಲ. ಆದ್ರೂ ನಮ್ಮ ಬೀದಿಗೆ ಕಾವೇರಿ ನೀರು ಯಾಕೆ ಬರಲ್ಲ ಅಂತ ಕೇಳೋಕೆ ಇಲ್ಲಿ ಒಂದು ವೋಟು ಬೇಕಲ್ಲ ಮೇಡಂ?"

ಆರು ಲಕ್ಷದಲ್ಲಿ ಒಬ್ಬ ಆದರೂ ಪರವಾಗಿಲ್ಲ, ಬದುಕೋ ಜಾಗದಲ್ಲಿ ಲೆಕ್ಕಕ್ಕಿರ್ತೀನಿ ಅನ್ನೋ ತೀರ್ಮಾನ ಅವರದು.

ಲಾಲ್‌ಬಾಗ್ ದಾಟುವಾಗ

ಮತ್ತೆ ಮೆಜೆಸ್ಟಿಕ್‌ಗೆ ಬಂದು, ಹಸಿರು ಮಾರ್ಗದಲ್ಲಿ ಆರ್.ವಿ. ರಸ್ತೆಗೆ ಹೊರಟೆ. ನಡುವೆ ಲಾಲ್‌ಬಾಗ್. ರಾಷ್ಟ್ರಪತಿ ಚುನಾವಣೆಗಳಲ್ಲೇ ಅತಿ ರೋಚಕವಾದದ್ದು ಬಿಸಿಯೇರಿದ್ದು ಇಲ್ಲಿನ ಗಾಜಿನ ಮನೆಯಲ್ಲಿ. 1969ರ ಜುಲೈನಲ್ಲಿ ಕಾಂಗ್ರೆಸ್ ಅಧಿವೇಶನ ಇಲ್ಲಿ ಸೇರಿತ್ತು. ಪಕ್ಷದ ಅಧ್ಯಕ್ಷರು ನಮ್ಮ ಎಸ್. ನಿಜಲಿಂಗಪ್ಪ. ಇಂದಿರಾ ಗಾಂಧಿಯವರ ಇಷ್ಟಕ್ಕೆ ವಿರುದ್ಧವಾಗಿ ನೀಲಂ ಸಂಜೀವ ರೆಡ್ಡಿ ಅಧಿಕೃತ ಅಭ್ಯರ್ಥಿ ಆದರು. ವಿ.ವಿ. ಗಿರಿ ಸ್ವತಂತ್ರರಾಗಿ ನಿಂತರು. ಆತ್ಮಸಾಕ್ಷಿಯ ಮತ ಹಾಕಿ ಅಂತ ಇಂದಿರಾ ಕರೆ ಕೊಟ್ಟರು. ಮೊದಲ ಎಣಿಕೆಯಲ್ಲಿ ಯಾರಿಗೂ ಬಹುಮತ ಬರಲಿಲ್ಲ. ಎರಡನೇ ಪ್ರಾಶಸ್ತ್ಯದ ಮತ ಎಣಿಸಿ ಗೆದ್ದ ಏಕೈಕ ರಾಷ್ಟ್ರಪತಿ ಗಿರಿ. ಅಂತರ 14,650.

ಗಿರಿ ಅದಕ್ಕೂ ಮೊದಲು 1965ರಿಂದ 1967ರವರೆಗೆ ಮೈಸೂರು ರಾಜ್ಯದ ರಾಜ್ಯಪಾಲರಾಗಿದ್ದವರು, ಮೂಲತಃ ಕಾರ್ಮಿಕ ನಾಯಕ. ಮತಪೆಟ್ಟಿಗೆಗೆ ಕೈ ಹಾಕೋ ಹಕ್ಕಿಲ್ಲದ ಜನರ ಬಿಸಿ ಶಾಸಕರಿಗೆ, ಸಂಸದರಿಗೆ ತಟ್ಟಿದ ಚುನಾವಣೆ ಅದು. ಬ್ಯಾಂಕುಗಳ ರಾಷ್ಟ್ರೀಕರಣ ಆದ ವಾರಗಳವು, ದೆಹಲಿಯಲ್ಲಿ ಪ್ರಧಾನಿ ಮನೆ ಮುಂದೆ ಸಾಮಾನ್ಯ ಜನ ಬಂದು ಬಂದು ನಿಲ್ಲುತ್ತಿದ್ದರು. ಹಾಗಾಗಿ 'ನಮಗೆ ಹಕ್ಕೇ ಇಲ್ಲ' ಅನ್ನೋದು ಪೂರ್ತಿ ನಿಜ ಅಲ್ಲ.

ಹಳದಿ ಮಾರ್ಗ: ಎಲೆಕ್ಟ್ರಾನಿಕ್ ಸಿಟಿಯ ಅಭ್ಯರ್ಥಿ

ಸಿಲ್ಕ್ ಬೋರ್ಡ್ ಜಂಕ್ಷನ್ನನ್ನು ಮೇಲಿನಿಂದ, ಎಸಿಯಲ್ಲಿ ಕೂತು ದಾಟೋ ಸುಖವನ್ನು ಇಲ್ಲಿ ವರ್ಣಿಸೋಕೆ ಹೋಗಲ್ಲ. ಅನುಭವಿಸಿದವರೇ ಬಲ್ಲರು.

ಎಲೆಕ್ಟ್ರಾನಿಕ್ ಸಿಟಿ 1978ರಲ್ಲಿ ಕಿಯೋನಿಕ್ಸ್ ಶುರು ಮಾಡಿದ್ದು, ಕೋನಪ್ಪನ ಅಗ್ರಹಾರ ಮತ್ತು ದೊಡ್ಡತೋಗೂರಿನ 332 ಎಕರೆಯಲ್ಲಿ. ಆರ್.ಕೆ. ಬಾಳಿಗಾ ಅವರ ಕನಸು. ಕೆಲಸ ಸಿಕ್ಕಿ ನಾನಿಲ್ಲಿಗೆ ಬಂದಾಗ 2007. ಮೇಲ್ಸೇತುವೆ ಇನ್ನೂ ಆಗಿರಲಿಲ್ಲ, ಕಂಪನಿ ಬಸ್ಸಿನಲ್ಲಿ ಎರಡು ಗಂಟೆ. ಆ ಎರಡು ಗಂಟೆಯಲ್ಲಿ ಆ ವರ್ಷ ನಾವು ಮಾತಾಡಿದ್ದು ರಾಷ್ಟ್ರಪತಿ ಬಗ್ಗೆ. ಯಾಕೆ ಅಂದ್ರೆ ಪತ್ರಿಕೆಗಳಲ್ಲಿ ಓಡಾಡುತ್ತಿದ್ದ ಒಂದು ಹೆಸರು ಇದೇ ರಸ್ತೆಯದು: ಎನ್.ಆರ್. ನಾರಾಯಣಮೂರ್ತಿ. ಇನ್ನೊಂದು ಹೆಸರು, ಎರಡನೇ ಅವಧಿಗೆ ಕಲಾಂ. ಬಸ್ಸಿನಲ್ಲಿ ಎರಡು ಬಣ. ಮೇಲ್ ಫಾರ್ವರ್ಡ್, ಎಸ್ಎಂಎಸ್, ಆನ್‌ಲೈನ್ ಅರ್ಜಿ. ಎಲ್ಲದಕ್ಕೂ ಹೆಸರು ಹಾಕಿದ್ದೇ ಹಾಕಿದ್ದು.

ಏಪ್ರಿಲ್‌ನಲ್ಲಿ ಎರಡೂ ಹೆಸರುಗಳು ವಿಚಿತ್ರವಾಗಿ ಒಂದೇ ಸುದ್ದಿಯಲ್ಲಿ ಬಂದವು. ಕಲಾಂ ಅತಿಥಿಯಾಗಿ ಮೈಸೂರಿನ ಇನ್ಫೋಸಿಸ್ ಆವರಣಕ್ಕೆ ಬಂದ ದಿನ ರಾಷ್ಟ್ರಗೀತೆಯನ್ನು ಹಾಡಿಸದೆ ವಾದ್ಯದಲ್ಲಿ ನುಡಿಸಿದ್ದು ದೊಡ್ಡ ವಿವಾದ ಆಯ್ತು. ಮೂರ್ತಿಯವರು ಕ್ಷಮೆ ಕೇಳಿದರು, ಆದರೆ ಅವರ ಹೆಸರು ಮತ್ತೆ ಮೇಲೇಳಲಿಲ್ಲ. ಜೂನ್‌ನಲ್ಲಿ ಕಲಾಂ ಕೂಡ ಹಿಂದೆ ಸರಿದರು. ಜುಲೈನಲ್ಲಿ ಪ್ರತಿಭಾ ಪಾಟೀಲ್ ರಾಷ್ಟ್ರಪತಿಯಾದರು.

ಈಗ ಯೋಚಿಸಿದರೆ, ನಮ್ಮ ಆ ಬಸ್ಸಿನ ನಲವತ್ತು ಜನರಲ್ಲಿ ಒಬ್ಬರೂ ಒಬ್ಬ ಶಾಸಕರಿಗೆ ಪತ್ರ ಬರೆದಿರಲಿಲ್ಲ. ಮತ ಇರೋದು ಯಾರ ಕೈಲಿ ಅಂತ ಎಲ್ಲರಿಗೂ ಸಿವಿಕ್ಸ್ ಪಾಠದಲ್ಲಿ ಗೊತ್ತಿತ್ತು. ಎಂಟನೇ ಕ್ಲಾಸಿನ ಪಾಠವನ್ನು ಕೆಲಸಕ್ಕೆ ಹಚ್ಚಿದ್ದು ನಮ್ಮ ಪೈಕಿ ಪೀಣ್ಯದ ಒಬ್ಬ ಟರ್ನರ್ ಮಾತ್ರ.

ನೆನಪಿಟ್ಟುಕೊಳ್ಳಿ, ಅಭ್ಯರ್ಥಿಯಾಗೋದು ಸಾಮಾನ್ಯರಿಗೆ ಹೆಚ್ಚುಕಡಿಮೆ ಅಸಾಧ್ಯ. 1997ರಿಂದ 50 ಸೂಚಕರು, 50 ಅನುಮೋದಕರು ಬೇಕು, ಎಲ್ಲರೂ ಶಾಸಕರು ಅಥವಾ ಸಂಸದರೇ ಆಗಿರಬೇಕು, ಜೊತೆಗೆ 15,000 ರೂಪಾಯಿ ಠೇವಣಿ. ಆದರೆ ಬೆಂಬಲಿಸೋಕೆ ಯಾವ ಠೇವಣಿಯೂ ಇಲ್ಲ. ಬೇಕಾಗಿರೋದು ವಿಳಾಸ ಮಾತ್ರ: ಬೆಂಬಲ ಹೋಗಿ ಮುಟ್ಟಬೇಕಾದ ವಿಳಾಸ, ಮತ್ತು ನಮ್ಮದೊಂದು ವಿಳಾಸ. ಇಲ್ಲೇ ನೆಲೆಸಿದ್ದೀವಿ ಅಂದ್ರೆ ನಮೂನೆ 8 ತುಂಬಿ ವೋಟನ್ನು ಇಲ್ಲಿಗೆ ತರಬಹುದು, ಮೊಬೈಲ್‌ನಲ್ಲೇ ಆಗುತ್ತೆ. ಇಲ್ಲ, ಊರಲ್ಲೇ ಇರಲಿ ಅಂದ್ರೆ ಊರಿನ ಶಾಸಕರ ಬಾಗಿಲು ಇದೆ. ಯಾವುದಾದರೂ ಸರಿ, ಒಂದು ಕಡೆ ಗಟ್ಟಿಯಾಗಿ ನಿಲ್ಲಬೇಕು.

ನೀಲಾದ್ರಿ ರಸ್ತೆಯ ಒಂದು ಖಾನಾವಳಿಯಲ್ಲಿ ಜೋಳದ ರೊಟ್ಟಿ ತಿನ್ನುವಾಗ ಎದುರಿಗೆ ಕೂತಿದ್ದ ಹುಡುಗ ಕಲಬುರಗಿ ಕಡೆಯವನು. ಟೆಸ್ಟಿಂಗ್ ಕೆಲಸ, ಬಂದು ಎರಡು ವರ್ಷ. ಮುಂದಿನ ರಾಷ್ಟ್ರಪತಿ ಯಾರಾಗ್ಬೇಕು ಅಂತ ಕೇಳಿದೆ. ತಕ್ಷಣ ಒಂದು ಹೆಸರು ಹೇಳಿದ, ಕಾರಣವನ್ನೂ ಹೇಳಿದ. ಇಲ್ಲಿನ ಎಂಎಲ್ಎ ಯಾರು ಅಂದೆ. ಗೊತ್ತಿಲ್ಲ ಅಂದ.

"ವೋಟು ಇಲ್ಲಿಗೆ ಹಾಕಿಸ್ಕೊಳ್ಳಲ್ವಾ?"

"ಇಲ್ರೀ ಅಕ್ಕಾರ. ಮುಂದಿನ ವರ್ಷ ಪುಣೆಗೆ ಹಾಕ್ತಾರೋ, ಹೈದರಾಬಾದಿಗೆ ಹಾಕ್ತಾರೋ ಯಾರಿಗ್ ಗೊತ್ತು? ಊರಾಗ ಇರ್ಲಿ ಬಿಡ್ರಿ. ನಮ್ಮ ಎಂಎಲ್ಎ ಸಾಹೇಬ್ರು ನಮ್ಮಪ್ಪನ್ನ ಹೆಸರು ಹಿಡಿದು ಕರೀತಾರ."

"ಹಾಗಿದ್ರೆ ಅವರಿಗೆ ಈ ಹೆಸರು ಹೇಳಿದ್ದೀಯಾ?"

ರೊಟ್ಟಿ ಮುರಿಯೋದು ನಿಲ್ಲಿಸಿ ನನ್ನ ಮುಖ ನೋಡಿದ. ಆ ಮಾತು ಅವನಿಗೆ ಯಾವತ್ತೂ ಹೊಳೆದಿರಲಿಲ್ಲ ಅಂತ ಕಾಣುತ್ತೆ. ಆಮೇಲೆ ಎಡಗೈಯಲ್ಲಿ ಮೊಬೈಲ್ ತೆಗೆದ. ಅವರ ತಾಲೂಕಿನ ಗ್ರೂಪಿನಲ್ಲಿ ಶಾಸಕರ ಆಪ್ತ ಸಹಾಯಕರ ನಂಬರ್ ಇದೆಯಂತೆ.

"ಉತ್ತರ ಕೊಡ್ತಾರಂತೀರೇನ್ರೀ?" ಅಂದ.

ಕೊಡ್ತಾರೆ ಅಂತ ನಾನು ಹೇಳಲಿಲ್ಲ. 131ರಲ್ಲಿ ನಿನ್ನ ಪಾಲು ಎಷ್ಟು ಸಣ್ಣದು ಅಂತಾನೂ ಹೇಳಲಿಲ್ಲ. ಅವನು ಆಗಲೇ ಟೈಪ್ ಮಾಡ್ತಾ ಇದ್ದ, ಕನ್ನಡದಲ್ಲಿ, ನಮಸ್ಕಾರ ಸರ್ ಅಂತ ಶುರು ಮಾಡಿ, ಅಪ್ಪನ ಹೆಸರು, ಊರಿನ ಹೆಸರು ಹಾಕಿ.